ಬಿಸಿ ಎಂಜಿನ್‌ನಲ್ಲಿ ಮಿನುಗುವ ಕೆಂಪು ಆಯಿಲ್ ದೀಪ: ಬೋರ್ ಮಾಡಿಸುವ ಮೊದಲು ಪ್ರೆಶರ್ ಅಳೆಯಿಸಿ

ಪ್ರಶ್ನೆ: ನನ್ನದು 2011ರ ಇನ್ನೋವಾ, 2.5 ಲೀಟರ್ ಡೀಸೆಲ್, 3 ಲಕ್ಷ 20 ಸಾವಿರ ಕಿ.ಮೀ. ಓಡಿದೆ. ಹಾಸನ–ಮಂಗಳೂರು ನಡುವೆ ಬಾಡಿಗೆಗೆ ಓಡಿಸುತ್ತೇನೆ. ಕೆಲವು ತಿಂಗಳಿಂದ ಶಿರಾಡಿ ಘಾಟಿ ಹತ್ತಿ ಬಂದು ಗಾಡಿ ನಿಲ್ಲಿಸಿದಾಗ ಐಡ್ಲಿಂಗ್‌ನಲ್ಲಿ ಕೆಂಪು ಆಯಿಲ್ ದೀಪ ಮಿನುಗುತ್ತಿದೆ. ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ಆರುತ್ತದೆ. ಆಯಿಲ್ ಕಡಿಮೆಯಾಗಿಲ್ಲ, ಕಡ್ಡಿಯಲ್ಲಿ ಮೇಲಿನ ಗುರುತಿಗಿಂತ ತುಸು ಹೆಚ್ಚೇ ಇದೆ. ಗ್ಯಾರೇಜಿನಲ್ಲಿ ಆಯಿಲ್ ಪ್ರೆಶರ್ ಸ್ವಿಚ್ ಬದಲಿಸಿದರು, ಹೋಗಲಿಲ್ಲ. ಆಮೇಲೆ 20ಡಬ್ಲ್ಯು-50 ಎಂಬ ಗಟ್ಟಿ ಆಯಿಲ್ ಹಾಕಿದರು. ಕೆಲವು ದಿನ ದೀಪ ಕಾಣಲಿಲ್ಲ, ಈಗ ಮತ್ತೆ ಬರುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ದೀಪ ಆರುವುದಕ್ಕೆ ಮೊದಲಿಗಿಂತ ಹೊತ್ತು ಹಿಡಿಯುತ್ತದೆ, ತಣ್ಣಗಿರುವಾಗ ಮೇಲಿನಿಂದ ಚುಸ್ ಚುಸ್ ಎಂಬ ಶಬ್ದ ಬರುತ್ತದೆ. ಇನ್ನೊಬ್ಬ ಮೆಕ್ಯಾನಿಕ್ ಸವೆದ ಸಿಲಿಂಡರುಗಳನ್ನು ಕೊರೆಸಿ ಎಂಜಿನ್ ಬೋರ್ ಮಾಡಿಸಲೇಬೇಕು ಎನ್ನುತ್ತಾರೆ. ಒಮ್ಮೆ ಘಾಟಿ ಹತ್ತುವಾಗಲೂ ದೀಪ ಒಂದು ಕ್ಷಣ ಹೊತ್ತಿತ್ತು. ಬೋರ್ ಮಾಡಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಆದರೆ ಗಾಡಿಯನ್ನು ಬಾಡಿಗೆಗೆ ಓಡಿಸುವುದನ್ನು ಇಂದೇ ನಿಲ್ಲಿಸಿ. ನಿಮ್ಮ ಗಾಡಿಗೆ ಈವರೆಗೆ ಸ್ವಿಚ್ ಬದಲಾಗಿದೆ, ಆಯಿಲ್ ಬದಲಾಗಿದೆ, ಬೋರ್ ಮಾಡಿಸುವ ಸಲಹೆಯೂ ಬಂದಿದೆ. ಆದರೆ ಎಂಜಿನ್ ಒಳಗೆ ಆಯಿಲ್ ಪ್ರೆಶರ್ ನಿಜವಾಗಿ ಎಷ್ಟಿದೆ ಎಂದು ಯಾರೂ ಅಳೆದಂತೆ ಕಾಣುವುದಿಲ್ಲ. ಅಳೆಯುವುದಕ್ಕೆ ಬೇಕಾಗುವುದು ಒಂದು ಮೆಕ್ಯಾನಿಕಲ್ ಗೇಜು ಮತ್ತು ಒಂದು ಗಂಟೆಯ ಕೆಲಸ. ಆ ಅಂಕಿ ಕೈಯಲ್ಲಿಲ್ಲದೆ ಹೇಳುವುದೆಲ್ಲವೂ ಊಹೆಯೇ, ನಾನು ಇಲ್ಲಿ ಹೇಳಲಿರುವುದರಲ್ಲಿ ಕೆಲವು ಮಾತುಗಳೂ ಸೇರಿದಂತೆ.

ಮೊದಲು ಆ ದೀಪ ಏನನ್ನು ತಿಳಿಸುತ್ತದೆ ಎಂಬುದು ಸ್ಪಷ್ಟವಾಗಿರಲಿ. ಅದು ಆಯಿಲ್‌ನ ಮಟ್ಟವನ್ನು ತೋರಿಸುವ ದೀಪವಲ್ಲ. ಬ್ಲಾಕ್‌ನ ಮುಖ್ಯ ಆಯಿಲ್ ದಾರಿಯ ಮೇಲೆ ಒಂದು ಸಣ್ಣ ಸ್ವಿಚ್ ಕೂತಿರುತ್ತದೆ. ಎಂಜಿನ್ ನಿಂತಿರುವಾಗ ಅದರೊಳಗಿನ ಕಾಂಟ್ಯಾಕ್ಟ್ ಕೂಡಿಕೊಂಡು ದೀಪದ ವೈರನ್ನು ಬ್ಲಾಕ್‌ಗೆ ಅರ್ತ್ ಮಾಡಿರುತ್ತದೆ. ಆದ್ದರಿಂದಲೇ ಕೀ ತಿರುಗಿಸಿದೊಡನೆ ದೀಪ ಹೊತ್ತುತ್ತದೆ. ಎಂಜಿನ್ ತಿರುಗಿ ಆಯಿಲ್ ಒತ್ತಡ ಬಂದಾಗ ಒಳಗಿನ ಡಯಾಫ್ರಾಂ ಸರಿದು ಕಾಂಟ್ಯಾಕ್ಟ್ ಬಿಡಿಸಿಕೊಳ್ಳುತ್ತದೆ, ದೀಪ ಆರುತ್ತದೆ. ಈ ಸ್ವಿಚ್ ಬಿಡಿಸಿಕೊಳ್ಳುವ ಒತ್ತಡ ತೀರಾ ಕಡಿಮೆ: ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 0.2ರಿಂದ 0.5 ಕೆ.ಜಿ. ಇಂಥ ಎಂಜಿನ್ ಬಿಸಿಯಾಗಿ 3000 ಆರ್‌ಪಿಎಂನಲ್ಲಿ ತಿರುಗುತ್ತಿರುವಾಗ ಇರಬೇಕಾದ ಒತ್ತಡ ಸುಮಾರು 2.5ರಿಂದ 6 ಕೆ.ಜಿ. ಎಂದರೆ ಘಾಟಿಯಲ್ಲಿ ಭಾರ ಎಳೆಯುವಾಗ 3 ಕೆ.ಜಿ. ಇರಬೇಕಾದಲ್ಲಿ 1 ಕೆ.ಜಿ. ಮಾತ್ರ ಇದ್ದರೂ ದೀಪ ಆರಿಯೇ ಇರುತ್ತದೆ, ಕ್ರ್ಯಾಂಕ್ ಬೇರಿಂಗುಗಳು ಮತ್ತು ಟರ್ಬೊ ಮಾತ್ರ ಸವೆಯುತ್ತಿರುತ್ತವೆ. ಆಕ್ಸಿಲರೇಟರ್ ಒತ್ತಿದರೆ ದೀಪ ಆರುತ್ತದೆ ಎಂಬುದರಲ್ಲಿ ಸಮಾಧಾನ ಪಡುವಂಥದ್ದೇನೂ ಇಲ್ಲ. ಒತ್ತಡ ಸ್ವಿಚ್‌ನ ಗೆರೆಯಿಂದ ತುಸು ಮೇಲೆ ಬಂದಿತು ಎಂಬುದಷ್ಟೇ ಅದರಿಂದ ತಿಳಿಯುತ್ತದೆ.

ಒತ್ತಡ ಎಂಬುದನ್ನು ಪಂಪ್ ತಾನೊಂದೇ ಹುಟ್ಟಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ಪಂಪ್ ಆಯಿಲನ್ನು ದೂಡುತ್ತದೆ. ಬೇರಿಂಗುಗಳ ಕೂದಲೆಳೆಯಷ್ಟು ಕಿರಿದಾದ ಸಂದಿಗಳು ಅದನ್ನು ತಡೆಯುತ್ತವೆ. ಆ ತಡೆಯಿಂದ ಒತ್ತಡ ಏಳುತ್ತದೆ. ಹಾಗಾಗಿ ಒತ್ತಡ ಕುಸಿಯುವುದಕ್ಕೆ ಕಾರಣಗಳನ್ನು ಮೂರು ಕಡೆ ಹುಡುಕಬೇಕಾಗುತ್ತದೆ: ಪಂಪಿಗೆ ಆಯಿಲ್ ಸರಿಯಾಗಿ ಬರುತ್ತಿಲ್ಲ, ಬಂದ ಆಯಿಲ್ ನೀರಿನಂತೆ ತೆಳುವಾಗಿದೆ, ಅಥವಾ ಆಯಿಲ್ ಹೊರಬೀಳುವ ಸಂದಿಗಳು ಸವೆದು ಅಗಲವಾಗಿವೆ. ಪಂಪ್ ಸವೆಯುವುದು ಮತ್ತು ಒತ್ತಡ ಮಿತಿಮೀರಿದಾಗ ತೆರೆಯುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಳ್ಳುವುದು ಇವಕ್ಕೆ ಸೇರಿಸಬೇಕಾದ ಇನ್ನೆರಡು. ಬೋರ್ ಮಾಡಿಸುವುದೆಂದರೆ ಸಿಲಿಂಡರ್, ಪಿಸ್ಟನ್, ರಿಂಗುಗಳ ಕೆಲಸ. ಅವುಗಳಿಗೂ ಆಯಿಲ್ ಪ್ರೆಶರ್‌ಗೂ ನೇರ ಸಂಬಂಧವಿಲ್ಲ. ಬೋರ್ ಮಾಡಿಸಿದ ಗಾಡಿಗಳಲ್ಲಿ ಪ್ರೆಶರ್ ಮರಳಿ ಬರುವುದುಂಟು, ನಿಜ. ಆದರೆ ಎಂಜಿನ್ ಬಿಚ್ಚಿದ ಮೇಲೆ ಕ್ರ್ಯಾಂಕಿನ ಮೇನ್ ಬೇರಿಂಗ್, ಬಿಗ್ ಎಂಡ್ ಬೇರಿಂಗ್, ಆಯಿಲ್ ಪಂಪ್ ಎಲ್ಲವನ್ನೂ ಬದಲಿಸಿ, ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಚೇಂಬರ್ ತೊಳೆದು ಕೂರಿಸುವುದರಿಂದ ಅದು ಬಂದಿರುತ್ತದೆ. ಹೊಗೆ ಇಲ್ಲದ, ಆಯಿಲ್ ಕುಡಿಯದ, ಘಾಟಿಯಲ್ಲಿ ಎಳೆತ ಕಳೆದುಕೊಳ್ಳದ ಎಂಜಿನ್ನಿಗೆ ಪ್ರೆಶರ್ ದೀಪದ ನೆಪದಲ್ಲಿ ಬೋರ್ ಕೆಲಸ ಹೇಳುವುದು ನನಗೆ ಒಪ್ಪಿಗೆಯಿಲ್ಲ. ನಿಮ್ಮ ಪತ್ರದಲ್ಲಿ ಇವುಗಳ ದೂರು ಯಾವುದೂ ಇಲ್ಲ.

ನಿಮ್ಮ ಪತ್ರದ ಮುಖ್ಯ ದೂರು, ಎಂದರೆ ಬಿಸಿಯಾದಾಗ ಐಡ್ಲಿಂಗ್‌ನಲ್ಲಿ ಮಿನುಗಿ ಆಕ್ಸಿಲರೇಟರ್ ಒತ್ತಿದರೆ ಆರುವುದು, ಮೇಲ್ನೋಟಕ್ಕೆ ಎರಡನ್ನು ಸೂಚಿಸುತ್ತದೆ: ಬೇರಿಂಗ್ ಸವೆದಿದೆ ಅಥವಾ ಆಯಿಲ್ ತೆಳುವಾಗಿದೆ. ಹೆಚ್ಚಿನ ಮೆಕ್ಯಾನಿಕ್‌ಗಳು ಇಲ್ಲಿಗೇ ನಿಂತು ಬೇರಿಂಗ್ ಎಂದು ತೀರ್ಮಾನಿಸುತ್ತಾರೆ. ಆದರೆ ನೀವು ಕೊನೆಗೆ ಒಂದೇ ಸಾಲಿನಲ್ಲಿ ಸೇರಿಸಿದ ಸಂಗತಿ, ಘಾಟಿ ಹತ್ತುವಾಗಲೂ ಒಂದು ಕ್ಷಣ ದೀಪ ಹೊತ್ತಿತೆಂಬುದು, ಉಳಿದೆಲ್ಲಕ್ಕಿಂತ ಮುಖ್ಯ. ಬೇರಿಂಗ್ ಮಾತ್ರ ಸವೆದ ಎಂಜಿನ್‌ನಲ್ಲಿ ಆರ್‌ಪಿಎಂ ಏರಿದಂತೆ ಪ್ರೆಶರ್ ಏರುತ್ತದೆ. ಹೆಚ್ಚಿನ ಆರ್‌ಪಿಎಂನಲ್ಲಿ ದೀಪ ಹೊತ್ತಬಾರದು. ಅಲ್ಲಿ ಹೊತ್ತಿತೆಂದರೆ ಪಂಪಿಗೆ ಎಳೆದುಕೊಳ್ಳಲು ಆಯಿಲ್ ಸಿಗುತ್ತಿಲ್ಲ ಎಂಬ ಅನುಮಾನ ಬಲವಾಗುತ್ತದೆ. ಆಯಿಲ್ ಮಟ್ಟ ತೀರಾ ಇಳಿದಿದ್ದರೆ ತಿರುವುಗಳಲ್ಲಿ ಹೀಗಾಗುತ್ತದೆ, ಆದರೆ ನಿಮ್ಮ ಗಾಡಿಯಲ್ಲಿ ಮಟ್ಟ ಮೇಲಿದೆ. ಹಾಗಾದರೆ ಉಳಿಯುವುದು ಚೇಂಬರಿನೊಳಗೆ ಪಂಪ್ ಆಯಿಲ್ ಎಳೆದುಕೊಳ್ಳುವ ಪೈಪಿನ ತುದಿಯ ಜಾಲರಿ, ಎಂದರೆ ಸ್ಟ್ರೇನರ್. ತೋಟದ ಪಂಪಿನ ಫುಟ್‌ವಾಲ್ವ್‌ಗೆ ಕಸ ಕವಿದುಕೊಂಡಂತೆ ಇದು: ಎಂಜಿನ್ ನಿಧಾನವಾಗಿ ತಿರುಗುವಾಗ ಬೇಕಾದಷ್ಟು ಆಯಿಲ್ ಹೇಗೋ ನುಸುಳಿ ಬರುತ್ತದೆ, ಜೋರಾಗಿ ತಿರುಗಿದಾಗ ಸಾಲದಾಗಿ ಪಂಪ್ ಗಾಳಿಯ ಗುಳ್ಳೆಗಳನ್ನು ಎಳೆಯತೊಡಗುತ್ತದೆ. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಜಾಲರಿಗೆ ಅಂಟಿದ ಕಸ ಮತ್ತೆ ಚೇಂಬರಿನ ತಳಕ್ಕೆ ಬೀಳುತ್ತದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಎಲ್ಲವೂ ಸರಿಯಾದಂತೆ ಕಾಣುತ್ತದೆ. ಇಂಥ ಗಾಡಿಯನ್ನು ಗ್ಯಾರೇಜಿಗೆ ಒಯ್ದಾಗ ದೋಷ ಕಾಣಿಸದೇ ಇರುವುದಕ್ಕೂ ಇದೇ ಕಾರಣ.

ಬೆಳಿಗ್ಗೆ ದೀಪ ಆರಲು ಹೊತ್ತು ಹಿಡಿಯುವುದೂ ಇದಕ್ಕೆ ಹೊಂದುತ್ತದೆ. 20ಡಬ್ಲ್ಯು-50 ಆಯಿಲ್ ಬಿಸಿಯಾದಾಗ ಹೆಚ್ಚು ಗಟ್ಟಿಯಾಗಿ ಉಳಿಯುವುದರಿಂದ ಐಡ್ಲಿಂಗ್ ಪ್ರೆಶರನ್ನು ಸ್ವಲ್ಪ ಎತ್ತಿ ದೀಪವನ್ನು ಮರೆಮಾಡುತ್ತದೆ. ಆದರೆ ಸಕಲೇಶಪುರದ ಕಡೆಯ ಚಳಿಗಾಲದ ಬೆಳಗಿನಲ್ಲಿ ಅದೇ ಗಟ್ಟಿ ಆಯಿಲ್ ಅರ್ಧ ಮುಚ್ಚಿದ ಜಾಲರಿಯ ಮೂಲಕ ಪಂಪಿಗೆ ಬರುವುದಕ್ಕೆ ಇನ್ನಷ್ಟು ತಡವರಿಸುತ್ತದೆ. ದೋಷ ಗೊತ್ತಾಗುವ ಮುನ್ನ ಗಟ್ಟಿ ಆಯಿಲ್ ಹಾಕುವುದನ್ನು ನಾನು ದುರಸ್ತಿ ಎಂದು ಕರೆಯಲಾರೆ. ದೀಪ ತಡವಾಗಿ ಆರುವುದಕ್ಕೆ ಅಗ್ಗದ ಆಯಿಲ್ ಫಿಲ್ಟರೂ ಕಾರಣವಾಗಬಹುದು: ಎಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯುವ ರಬ್ಬರ್ ಪರದೆ ಅದರೊಳಗೆ ಗಟ್ಟಿಯಾಗಿ ಹೋಗಿದ್ದರೆ ಫಿಲ್ಟರ್ ರಾತ್ರಿಯಿಡೀ ಬರಿದಾಗುತ್ತದೆ. ಆದರೆ ಬಿಸಿ ಎಂಜಿನ್ನಿನ ನಿಮ್ಮ ದೂರನ್ನು ಫಿಲ್ಟರ್ ಒಂದೇ ವಿವರಿಸಲಾರದು.

ಇನ್ನು ಜಾಲರಿಗೆ ಕಸ ಎಲ್ಲಿಂದ ಬಂತು ಎಂಬ ಪ್ರಶ್ನೆ. ನಿಮ್ಮ ಗಾಡಿಯಲ್ಲಿರುವ 2ಕೆಡಿ ಎಂಜಿನ್ ಮತ್ತು ಅದರ ಅಣ್ಣನಾದ 3 ಲೀಟರಿನ 1ಕೆಡಿ ಎಂಜಿನ್ ಬಗ್ಗೆ ಪ್ರಪಂಚದ ಹಲವು ಕಡೆಯ ಡೀಸೆಲ್ ಮೆಕ್ಯಾನಿಕ್‌ಗಳಿಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿಯಿದೆ. ಡೀಸೆಲ್ ಸಿಂಪಡಿಸುವ ಪ್ರತಿ ನಾಜಲ್ ಸಿಲಿಂಡರ್ ಹೆಡ್‌ನಲ್ಲಿ ಕೂರುವ ಜಾಗದಲ್ಲಿ ಒಂದು ಸಣ್ಣ ವಾಶರ್ ಇರುತ್ತದೆ. ವರ್ಷಗಳು ಕಳೆದಂತೆ, ಅಥವಾ ನಾಜಲ್ ತೆಗೆದು ಹಾಕುವಾಗ ಹಳೆಯ ವಾಶರನ್ನೇ ಮತ್ತೆ ಕೂರಿಸಿದರೆ, ಅಲ್ಲಿ ಸೋರಿಕೆ ಆರಂಭವಾಗುತ್ತದೆ. ಉರಿದ ಬಿಸಿ ಅನಿಲ ಎಂಜಿನ್ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಒಳಕ್ಕೆ ನುಗ್ಗುತ್ತದೆ. ತಣ್ಣಗಿರುವಾಗ ಕೇಳುವ ಚುಸ್ ಚುಸ್ ಶಬ್ದ ಇದರದ್ದಾಗಿರುವ ಸಾಧ್ಯತೆ ಹೆಚ್ಚು. ಬಿಸಿಯಾದಾಗ ಲೋಹ ಹಿಗ್ಗಿ ಸಂದಿ ಮುಚ್ಚಿಕೊಳ್ಳುವುದರಿಂದ ಶಬ್ದ ನಿಲ್ಲುತ್ತದೆ, ಓಡಿಸುವವರು ಮರೆತುಬಿಡುತ್ತಾರೆ. ಆ ಅನಿಲದ ಮಸಿ ಮತ್ತು ಶಾಖಕ್ಕೆ ಆಯಿಲ್ ಬೆಂದು ನಾಜಲ್‌ಗಳ ಸುತ್ತ ಡಾಂಬರಿನಂಥ ಗಟ್ಟಿ ಪದರ ಕಟ್ಟುತ್ತದೆ. ಅದರ ಚೂರುಗಳು ಕಳಚಿ ಕೆಳಗಿಳಿದು ಚೇಂಬರ್ ಸೇರುತ್ತವೆ. ಫಿಲ್ಟರ್ ಇವನ್ನು ಹಿಡಿಯಲಾರದು, ಏಕೆಂದರೆ ಫಿಲ್ಟರ್ ಇರುವುದು ಪಂಪಿನ ಆಚೆ, ಜಾಲರಿ ಇರುವುದು ಪಂಪಿನ ಈಚೆ. ಸಮಯಕ್ಕೆ ಸರಿಯಾಗಿ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಗಾಡಿಗಳಿಗೂ ಈ ಕಾಯಿಲೆ ಬರುವುದು ಹೀಗೆ.

ಮಟ್ಟ ಮೇಲಿನ ಗುರುತನ್ನು ದಾಟಿದೆ ಎಂಬುದು ಬೇರೆಯೇ ಒಂದು ಸುಳಿವು. ಆಯಿಲ್ ಹಾಕುವಾಗಲೇ ಹೆಚ್ಚು ಹಾಕಿದ್ದರೆ ಸರಿ. ಇಲ್ಲವಾದರೆ ಅದರೊಳಕ್ಕೆ ಏನೋ ಸೇರುತ್ತಿದೆ. ಈ ಎಂಜಿನ್‌ನಲ್ಲಿ ನಾಜಲ್‌ಗಳಿಂದ ಹಿಂದಿರುಗುವ ಡೀಸೆಲ್ಲಿನ ಪೈಪು ಟ್ಯಾಪೆಟ್ ಕವರಿನ ಒಳಗೇ ಹಾದುಹೋಗುತ್ತದೆ. ಅದರ ಜೋಡಣೆಯ ವಾಶರುಗಳು ಸೋರಿದರೆ ಡೀಸೆಲ್ ಹೊರಗೆಲ್ಲೂ ತೊಟ್ಟಿಕ್ಕುವುದಿಲ್ಲ, ಸೀದಾ ಆಯಿಲ್‌ಗೆ ಇಳಿಯುತ್ತದೆ. 40ರ ದರ್ಜೆಯ ಆಯಿಲ್ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 12.5 ಸೆಂಟಿಸ್ಟೋಕ್ಸ್ (ದ್ರವದ ಗಟ್ಟಿತನದ ಅಳತೆ) ದಪ್ಪ ಉಳಿಸಿಕೊಳ್ಳಬೇಕು. ನೂರಕ್ಕೆ ಐದು ಪಾಲು ಡೀಸೆಲ್ ಬೆರೆತರೂ ಅದು 30ರ ದರ್ಜೆಗೆ ಜಾರಬಹುದು. ಐಡ್ಲಿಂಗ್ ದೀಪಕ್ಕೆ ಇಷ್ಟು ಸಾಕು. ಕೂಲಂಟ್ ಬೆರೆತಿದ್ದರೂ ಮಟ್ಟ ಏರುತ್ತದೆ, ಆದರೆ ಆಗ ಆಯಿಲ್ ಹಾಲು ಬೆರೆಸಿದಂಥ ಬಣ್ಣಕ್ಕೆ ತಿರುಗುತ್ತದೆ ಮತ್ತು ರೇಡಿಯೇಟರ್‌ನ ಮಟ್ಟ ಇಳಿಯುತ್ತದೆ. ಆಯಿಲ್ ಕೂಲರ್ ಒಳಗೆ ಸೋರುವುದು ಅದಕ್ಕೆ ಒಂದು ದಾರಿ. ನೀವು ಅದನ್ನು ಬರೆದಿಲ್ಲವಾದ್ದರಿಂದ ನನ್ನ ಅನುಮಾನ ಡೀಸೆಲ್ಲಿನ ಮೇಲೇ ಇದೆ. ಕಡ್ಡಿಯ ತುದಿಯ ಆಯಿಲನ್ನು ಬೆರಳ ನಡುವೆ ತಿಕ್ಕಿ ಮೂಸಿ ನೋಡಿ. ಒಂದು ಹನಿಯನ್ನು ಫಿಲ್ಟರ್ ಕಾಗದದ ಮೇಲೆ ಬಿಟ್ಟು ಕೆಲವು ಗಂಟೆ ಕಾಯಿರಿ. ನಡುವಿನ ಕಪ್ಪು ಚುಕ್ಕೆಯ ಸುತ್ತ ಎಣ್ಣೆಯ ತಿಳಿ ಉಂಗುರ ಅಗಲವಾಗಿ ಹರಡಿದರೆ ಡೀಸೆಲ್ ಬೆರೆತಿರುವ ಸಂಭವ ಹೆಚ್ಚು. ಖಚಿತವಾಗಿ ಬೇಕೆಂದರೆ ಆಯಿಲನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಡೀಸೆಲ್ ಪ್ರಮಾಣದ ಜೊತೆಗೆ ತಾಮ್ರ, ಸೀಸ, ಕಬ್ಬಿಣದ ಅಂಶವೂ ತಿಳಿಯುವುದರಿಂದ ಬೇರಿಂಗ್‌ಗಳ ಸ್ಥಿತಿಯ ಅಂದಾಜು ಸಿಗುತ್ತದೆ.

ಈಗ ಅಳತೆಯ ವಿಷಯ. ಪ್ರೆಶರ್ ಸ್ವಿಚ್ ಬಿಚ್ಚಿ ಅದೇ ತೂತಿಗೆ 0ರಿಂದ 10 ಕೆ.ಜಿ.ವರೆಗಿನ ಮೆಕ್ಯಾನಿಕಲ್ ಗೇಜು ಕೂರಿಸಬೇಕು. ಇಲ್ಲೊಂದು ಎಚ್ಚರಿಕೆ: ಟೊಯೋಟಾ ಸ್ವಿಚ್‌ಗಳ ತಿರುಪಿನ ಎಳೆ ಬ್ರಿಟಿಷ್ ಮಾದರಿಯದು, ಇಂಚಿಗೆ 28, ಮಾರುಕಟ್ಟೆಯ ಅನೇಕ ಗೇಜುಗಳೊಂದಿಗೆ ಬರುವುದು ಅಮೆರಿಕನ್ ಮಾದರಿಯ ಇಂಚಿಗೆ 27 ಎಳೆಯ ಅಡಾಪ್ಟರ್. ಎರಡು ಸುತ್ತು ಸಲೀಸಾಗಿ ಕೂತು ಆಮೇಲೆ ಬಿಗಿಯಾಗುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಬ್ಲಾಕ್‌ನ ಎಳೆ ಕೆಡುತ್ತದೆ. ಲೇತ್‌ನವರಲ್ಲಿ ಸರಿಯಾದ ಅಡಾಪ್ಟರ್ ಮಾಡಿಸಿಕೊಳ್ಳುವುದು ಒಳ್ಳೆಯದು. ಅಳೆಯುವ ಮೊದಲು ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ಉಷ್ಣಾಂಶದ ಮುಳ್ಳು ನಡುವಿಗೆ ಬಂದ ಕೂಡಲೇ ಅಲ್ಲ, ಏಕೆಂದರೆ ಆಯಿಲ್ ಬಿಸಿಯಾಗುವುದು ಕೂಲಂಟ್‌ಗಿಂತ ತಡವಾಗಿ. ಪಕ್ಕದಲ್ಲಿ ನಿಲ್ಲಿಸಿಯೇ 1500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ತಿರುಗಿಸಿ ಬಿಸಿ ಮಾಡಿದರೆ ರಸ್ತೆಯ ಅಪಾಯವೂ ಇಲ್ಲ. ಈ ನಡುವೆ ಗೇಜಿನ ಮುಳ್ಳು ನೆಲಕ್ಕಿಳಿದರೆ ಆ ಕ್ಷಣವೇ ಎಂಜಿನ್ ಆಫ್ ಮಾಡಬೇಕು. ಆಮೇಲೆ ಐಡ್ಲಿಂಗ್, 1500, 2000, 3000 ಆರ್‌ಪಿಎಂಗಳಲ್ಲಿ ಅಂಕಿ ಬರೆದುಕೊಂಡು, ಕೊನೆಯದರಲ್ಲಿ ಒಂದು ನಿಮಿಷ ಹಿಡಿದು ಮುಳ್ಳನ್ನು ನೋಡುತ್ತಿರಬೇಕು.

ದೀಪ ಹೊತ್ತಿರುವಾಗಲೂ ಗೇಜು ಐಡ್ಲಿಂಗ್‌ನಲ್ಲಿ 1 ಕೆ.ಜಿ. ಆಸುಪಾಸು ಮತ್ತು ಮೇಲೆ 3 ಕೆ.ಜಿ. ದಾಟಿ ತೋರಿಸಿದರೆ ಎಂಜಿನ್‌ನಲ್ಲಿ ತೊಂದರೆಯಿಲ್ಲ. ಸ್ವಿಚ್‌ನ ವೈರು ಎಲ್ಲೋ ಉಜ್ಜಿ ಗಾಡಿಯ ಲೋಹದ ಮೈಗೆ ತಾಗುತ್ತಿದೆ ಎಂದು ಹುಡುಕಬೇಕು. ಹೊಸ ಸ್ವಿಚ್ ಕೂಡ ಕೆಟ್ಟದ್ದಿರಬಹುದು, ಕಂಪನಿಯದ್ದಲ್ಲದ ಸ್ವಿಚ್‌ಗಳು ಬೇರೆ ಒತ್ತಡದಲ್ಲಿ ಕೆಲಸ ಮಾಡುವುದನ್ನು ನಾನು ಕಂಡಿದ್ದೇನೆ. ಐಡ್ಲಿಂಗ್‌ನಲ್ಲಿ 0.5 ಕೆ.ಜಿ.ಗಿಂತ ಕೆಳಗಿದ್ದು 3000ರಲ್ಲಿ 2.5 ಕೆ.ಜಿ. ದಾಟಿ ಸ್ಥಿರವಾಗಿ ನಿಂತರೆ ಆಯಿಲ್ ತೆಳುವಾಗಿರುವುದು ಅಥವಾ ಬೇರಿಂಗ್ ಸವೆತ. ಮೊದಲು ಸರಿಯಾದ ದರ್ಜೆಯ ಹೊಸ ಆಯಿಲ್ ಹಾಕಿ ಮತ್ತೆ ಅಳೆಯಬೇಕು. 2000ದವರೆಗೆ ಏರಿ ಅನಂತರ ಏರದೆ ನಿಂತರೆ, ಅಥವಾ 3000ದಲ್ಲಿ ಹಿಡಿದಂತೆ ನಿಧಾನವಾಗಿ ಇಳಿಯತೊಡಗಿದರೆ, ಅಥವಾ ಮುಳ್ಳು ನಡುಗತೊಡಗಿದರೆ, ಜಾಲರಿಯೇ ಅಪರಾಧಿ ಎಂದು ಬಹುಮಟ್ಟಿಗೆ ಹೇಳಬಹುದು. ಎಳೆದುಕೊಳ್ಳುವ ಪೈಪಿನ ಜೋಡಣೆಯಲ್ಲಿ ಗಾಳಿ ಸೇರುತ್ತಿದ್ದರೂ ಮುಳ್ಳು ನಡುಗುತ್ತದೆ. ಎಲ್ಲ ಆರ್‌ಪಿಎಂಗಳಲ್ಲೂ ಒಂದೇ ಸಮನೆ ತಗ್ಗಿದ್ದರೆ ರಿಲೀಫ್ ವಾಲ್ವನ್ನು ಮತ್ತು ಪಂಪನ್ನು ನೋಡಬೇಕು.

ಚೇಂಬರ್ ಇಳಿಸುವ ಮೊದಲು ಇನ್ನೊಂದು ಸುಲಭದ ನೋಟವಿದೆ. ಆಯಿಲ್ ಬಸಿದ ಮೇಲೆ ಡ್ರೈನ್ ಬೋಲ್ಟಿನ ತೂತಿನಿಂದ ಸಣ್ಣ ಇನ್‌ಸ್ಪೆಕ್ಷನ್ ಕ್ಯಾಮೆರಾ ತೂರಿಸಿದರೆ ಕೆಡಿ ಎಂಜಿನ್‌ಗಳಲ್ಲಿ ಜಾಲರಿಯನ್ನು ನೋಡಬಹುದು. ಮೊಬೈಲಿಗೆ ಜೋಡಿಸುವ ಇಂಥ ಕ್ಯಾಮೆರಾಗಳು ಈಗ ಸುಲಭವಾಗಿ ಸಿಗುತ್ತವೆ. ಜಾಲರಿಯ ಮೇಲೆ ಕರಿಚೂರು ಕಂಡರೆ ಅನುಮಾನ ಮುಗಿಯಿತು; ಸ್ವಚ್ಛವಾಗಿ ಕಂಡರೆ ಮಾತ್ರ ಪೂರ್ತಿ ನಂಬಬೇಡಿ, ಕಸ ಕಳಚಿ ತಳದಲ್ಲಿ ಬಿದ್ದಿರಬಹುದು. ಅದೇ ಹೊತ್ತಿಗೆ ಹಳೆಯ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದದ ಮಡಿಕೆಗಳನ್ನು ಬಿಸಿಲಿನಲ್ಲಿ ಬಿಡಿಸಿ ನೋಡಿ. ತಾಮ್ರದ ಬಣ್ಣದ ಅಥವಾ ಬೆಳ್ಳಿಯಂತೆ ಹೊಳೆಯುವ ಪುಡಿ ಇದ್ದು ಅದು ಅಯಸ್ಕಾಂತಕ್ಕೆ ಅಂಟದಿದ್ದರೆ ಬೇರಿಂಗ್‌ನ ಲೋಹ ಸವೆದು ಬರುತ್ತಿರುವ ಸಂಭವ ಹೆಚ್ಚು. ಈ ಒಂದು ಕೆಲಸವನ್ನು ನಮ್ಮ ಗ್ಯಾರೇಜುಗಳಲ್ಲಿ ಯಾಕೆ ಇಷ್ಟು ಅಪರೂಪಕ್ಕೆ ಮಾಡುತ್ತಾರೋ ನನಗೆ ತಿಳಿಯದು. ಹಳೆಯ ಫಿಲ್ಟರ್ ಹೇಗೂ ಎಸೆಯುವುದೇ ತಾನೆ.

ಜಾಲರಿ ಮುಚ್ಚಿರುವುದು ಖಚಿತವಾದರೆ ಚೇಂಬರ್ ಇಳಿಸಿ ಜಾಲರಿ, ಪೈಪು, ಚೇಂಬರ್ ಎಲ್ಲವನ್ನೂ ತೊಳೆಯಬೇಕು. ಚೇಂಬರ್ ಇಳಿದಿರುವಾಗಲೇ ಒಂದೆರಡು ಬಿಗ್ ಎಂಡ್ ಕ್ಯಾಪ್ ಬಿಚ್ಚಿ ಬೇರಿಂಗ್ ಶೆಲ್ಲುಗಳನ್ನು ನೋಡಿಸಿ. ಮೇಲಿನ ಬೂದು ಪದರ ಹಾಗೆಯೇ ಇದ್ದರೆ ಮುಚ್ಚಿಬಿಡಬಹುದು. ತಾಮ್ರದ ಬಣ್ಣ ಹೊರಗೆ ಬಂದಿದ್ದರೆ ಶೆಲ್ಲುಗಳ ಸೆಟ್ಟನ್ನೇ ಬದಲಿಸಬೇಕು, ಕ್ರ್ಯಾಂಕ್‌ಗೆ ಗೀರು ಬಿದ್ದಿದ್ದರೆ ಮಾತ್ರ ಎಂಜಿನ್ ಇಳಿಸುವ ಮಾತು ಬರುತ್ತದೆ. ಆಯಿಲ್‌ಗೆ ಒಳಭಾಗ ತೊಳೆಯುವ ಫ್ಲಶ್ ದ್ರವ ಬೆರೆಸಿ ಎಂಜಿನ್ ತಿರುಗಿಸಿದರೆ ಕಸ ಕರಗಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಈ ಚೂರುಗಳು ಕರಗುವುದಿಲ್ಲ. ಫ್ಲಶ್ ಅವನ್ನು ಎಲ್ಲೆಡೆಯಿಂದ ಒಮ್ಮೆಲೇ ಬಿಡಿಸಿ ಜಾಲರಿಗೆ ತಂದು ಸುರಿಯುತ್ತದೆ.

ಜಾಲರಿ ತೊಳೆದಷ್ಟಕ್ಕೇ ನಿಲ್ಲಿಸಿದರೆ ಕಸದ ಮೂಲ ಹಾಗೆಯೇ ಉಳಿಯುತ್ತದೆ. ಟ್ಯಾಪೆಟ್ ಕವರ್ ತೆಗೆಸಿ, ನಾಲ್ಕೂ ನಾಜಲ್‌ಗಳನ್ನು ಎತ್ತಿಸಿ, ಅವು ಕೂರುವ ಜಾಗವನ್ನು ಚೊಕ್ಕಗೊಳಿಸಿ, ಎಲ್ಲ ವಾಶರುಗಳನ್ನೂ ಹೊಸದಾಗಿ ಹಾಕಿಸಿ; ಹಳೆಯ ವಾಶರ್ ಸಿಲಿಂಡರ್ ಹೆಡ್‌ಗೆ ಅಂಟಿಕೊಂಡು ಉಳಿದಿರುವುದೂ ಉಂಟು, ಅದರ ಮೇಲೆ ಹೊಸದನ್ನಿಟ್ಟರೆ ಸೋರಿಕೆ ಇನ್ನೂ ಹೆಚ್ಚುತ್ತದೆ. ಕ್ಲಾಂಪ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ರಿಟರ್ನ್ ಪೈಪಿನ ವಾಶರುಗಳನ್ನೂ ಬದಲಿಸಿ, ಕವರ್ ಮುಚ್ಚುವ ಮೊದಲು ಆ ಪೈಪಿಗೆ ಸಣ್ಣ ಒತ್ತಡದ ಗಾಳಿ ಕೊಟ್ಟು ಸೋರುವುದಿಲ್ಲ ಎಂದು ನೋಡಿಕೊಳ್ಳಬೇಕು. ಅವಸರದಲ್ಲಿ ಬಿಟ್ಟುಹೋಗುವ ಹಂತ ಇದೇ. ನಾಜಲ್‌ಗಳು ಹೇಗೂ ಹೊರಗೆ ಬಂದಿರುವಾಗ ಒಮ್ಮೆ ಬೆಂಚಿನ ಮೇಲೆ ಪರೀಕ್ಷಿಸಿಬಿಡಿ.

ಇದಾದ ಮೇಲೆ 20ಡಬ್ಲ್ಯು-50 ಬಿಟ್ಟು ನಿಮ್ಮ ಗಾಡಿಯ ಪುಸ್ತಕದಲ್ಲಿರುವ ದರ್ಜೆಯ ಡೀಸೆಲ್ ಎಂಜಿನ್ ಆಯಿಲ್ ಹಾಕಿ, ಕಡ್ಡಿಯ ಎರಡು ಗುರುತುಗಳ ನಡುವೆ ನಿಲ್ಲಿಸಿ. ಎಂಜಿನ್ ಒಳಗೆ ಉಳಿದ ಮಸಿ ಇನ್ನೂ ಇಳಿಯುತ್ತಿರುತ್ತದೆಯಾದ್ದರಿಂದ ಮೊದಲ ಎರಡು ಬಾರಿ ಆಯಿಲ್ ಮತ್ತು ಫಿಲ್ಟರನ್ನು ಎರಡು ಮೂರು ಸಾವಿರ ಕಿ.ಮೀ.ಗೇ ಬದಲಿಸಿ, ಪ್ರತಿ ಬಾರಿ ಕ್ಯಾಮೆರಾದಿಂದ ಜಾಲರಿ ನೋಡಿ. ಮಟ್ಟ ಮತ್ತೆ ಏರಿದರೆ ರಿಟರ್ನ್ ಪೈಪಿನ ಕೆಲಸ ಸರಿಯಾಗಿಲ್ಲ ಎಂದು ತಿಳಿಯಿರಿ.

ಗ್ಯಾರೇಜಿಗೆ ಗಾಡಿಯನ್ನು ಓಡಿಸಿಕೊಂಡು ಹೋಗದೆ ಎಳೆಸಿಕೊಂಡು ಹೋಗಿ. ಮುಂದೆ ಎಂದಾದರೂ ಓಡುತ್ತಿರುವಾಗ ದೀಪ ಹೊತ್ತಿದರೆ ಕೂಡಲೇ ಬದಿಗೆ ತಂದು ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಆದರೆ ಘಾಟಿಯ ಇಳಿಜಾರಿನಲ್ಲಿದ್ದರೆ ಗಾಡಿ ಪೂರ್ತಿ ನಿಲ್ಲುವವರೆಗೆ ಎಂಜಿನ್ ಆಫ್ ಮಾಡಬೇಡಿ: ಆಫ್ ಆದೊಡನೆ ಪವರ್ ಸ್ಟಿಯರಿಂಗ್ ಹೋಗುತ್ತದೆ, ಬ್ರೇಕಿನ ಬೂಸ್ಟರ್ ನಾಲ್ಕಾರು ತುಳಿತಕ್ಕೆ ಖಾಲಿಯಾಗುತ್ತದೆ, ಗುಂಡ್ಯದ ಕಡೆಗಿನ ತಿರುವುಗಳಲ್ಲಿ ಎಂಜಿನ್‌ಗಿಂತ ಜೀವ ಮುಖ್ಯ.

ಗ್ಯಾರೇಜಿನವರಿಂದ ಗೇಜಿನ ಅಂಕಿಗಳನ್ನು ಆರ್‌ಪಿಎಂ ಸಮೇತ ಬರೆಸಿಕೊಳ್ಳಿ, ಕೆಲಸಕ್ಕೆ ಮುಂಚಿನವು ಮತ್ತು ಆಮೇಲಿನವು ಎರಡೂ. ಮೊದಲ ಅಳತೆಯಲ್ಲಿ ಐಡ್ಲಿಂಗ್ ಮಾತ್ರ ತಗ್ಗಿ 3000ದಲ್ಲಿ ಪ್ರೆಶರ್ ಗಟ್ಟಿಯಾಗಿ ನಿಂತಿದ್ದು, ಫಿಲ್ಟರಿನ ಮಡಿಕೆಗಳಲ್ಲಿ ತಾಮ್ರದ ಪುಡಿಯೂ ಸಿಕ್ಕಿದ್ದರೆ ಮೇಲೆ ನಾನು ಜಾಲರಿಯ ಬಗ್ಗೆ ಹೇಳಿದ್ದನ್ನು ಬದಿಗಿಟ್ಟು ಬೇರಿಂಗ್‌ಗಳ ಕೆಲಸಕ್ಕೇ ನೇರವಾಗಿ ಹೋಗಿ.